ಮನೆಯ ಗಣಕಯಂತ್ರಕ್ಕೆ ಪ್ರಾಕ್ಸಿ ಬೇಕೆ?

ಕಾಲೇಜಿನಲ್ಲಿ ಓದಿದವರಿಗೆ ‘ಪ್ರಾಕ್ಸಿ’ ಎಂಬ ಮಾತು ಹೊಸದೇನಲ್ಲ. ತರಗತಿಗೆ ಬಾರದ ಗೆಳೆಯನ ಹೆಸರು ಕೂಗಿದಾಗ ಹಿಂದಿನ ಬೆಂಚಿನಿಂದ ಇನ್ನೊಬ್ಬ ‘ಎಸ್ ಸಾರ್’ ಎನ್ನುವುದೇ ಪ್ರಾಕ್ಸಿ. ಗಣಕಯಂತ್ರದ ಪ್ರಾಕ್ಸಿಯೂ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ನಮ್ಮ ಯಂತ್ರವು ಜಾಲತಾಣವೊಂದನ್ನು ನೇರವಾಗಿ ಕೇಳುವ ಬದಲು ನಡುವೆ ಇರುವ ಮತ್ತೊಂದು ಯಂತ್ರವನ್ನು ಕೇಳುತ್ತದೆ. ಅದು ನಮ್ಮ ಪರವಾಗಿ ಪುಟವನ್ನು ತರಿಸಿ ನಮಗೆ ಒಪ್ಪಿಸುತ್ತದೆ.

ಸಂಸ್ಥೆಗಳಿಗೆ ಇದರಿಂದ ಎರಡು ಲಾಭಗಳಿದ್ದವು. ಒಳಗಿನ ಯಂತ್ರಗಳನ್ನು ಹೊರಜಗತ್ತಿಗೆ ತೆರೆದಿಡದೆ ಒಂದೇ ಬಾಗಿಲಿನಿಂದ ವ್ಯವಹಾರ ನಡೆಸಬಹುದಿತ್ತು. ಒಬ್ಬರು ತರಿಸಿದ ಪುಟವನ್ನು ಸಂಗ್ರಹಿಸಿಟ್ಟು ಮುಂದಿನವರಿಗೆ ಅದನ್ನೇ ಕೊಡಬಹುದಿತ್ತು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಅಂತರಜಾಲ ಸೇವೆ ಸಾರ್ವಜನಿಕರಿಗೆ ತೆರೆದಾಗ ಸಂಪರ್ಕವೆಲ್ಲ ದೂರವಾಣಿ ತಂತಿಯ ಮೂಲಕ, ಆಮೆಯ ವೇಗದಲ್ಲಿ. ಆಗ ಈ ಸಂಗ್ರಹದ ಬೆಲೆ ದೊಡ್ಡದು. ಇಂದು ಬಹುತೇಕ ಪುಟಗಳು ಗೂಢಲಿಪಿಯಲ್ಲಿ ಬರುವುದರಿಂದ ನಡುವಿನ ಯಂತ್ರಕ್ಕೆ ಅವನ್ನು ಓದಿ ಕೂಡಿಡಲು ಸಾಧ್ಯವಿಲ್ಲ. ಆದ್ದರಿಂದ ಸಾಮಾನ್ಯ ಮನೆಯೊಂದಕ್ಕೆ ಪ್ರಾಕ್ಸಿ ಬೇಕೆ ಎಂದು ಕೇಳಿದರೆ, ಬೇಡ ಎಂಬುದೇ ಉತ್ತರ.

ಹಾಗಾದರೆ ಈ ವಿಷಯ ತಿಳಿಯುವುದೇಕೆ? ತೊಂದರೆ ಬರುವುದು ನಾವು ಹಾಕಿಕೊಂಡ ಪ್ರಾಕ್ಸಿಯಿಂದಲ್ಲ, ನಮಗೆ ಗೊತ್ತಿಲ್ಲದೆ ಉಳಿದುಹೋದ ಪ್ರಾಕ್ಸಿಯಿಂದ.

ಹಾಸ್ಟೆಲಿನಲ್ಲಿರುವ ಮಗಳು ರಜೆಗೆ ಲ್ಯಾಪ್‌ಟಾಪ್ ತಂದಿದ್ದಾಳೆ ಎನ್ನಿ. ಮನೆಯ ವೈಫೈನಲ್ಲಿ ಎಲ್ಲರ ಮೊಬೈಲುಗಳೂ ಸರಿಯಾಗಿ ನಡೆಯುತ್ತವೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಒಂದು ಪುಟವೂ ತೆರೆಯದು. ಮನೆಯವರು ಸಂಪರ್ಕ ಕೊಟ್ಟವರನ್ನು ಬೈಯುತ್ತಾರೆ. ನಿಜವಾದ ಕಾರಣ, ಕಾಲೇಜಿನ ಪ್ರಾಕ್ಸಿಯ ವಿಳಾಸ ಯಂತ್ರದಲ್ಲಿ ಹಾಗೆಯೇ ಕುಳಿತಿರುವುದು. 10 ಅಥವಾ 192.168 ಎಂದು ಮೊದಲಾಗುವ ವಿಳಾಸಗಳು ಆಯಾ ಆವರಣದೊಳಗೆ ಮಾತ್ರ ಸಲ್ಲುತ್ತವೆ. ವಿಂಡೋಸ್ 10 ಅಥವಾ 11 ಇರುವ ಯಂತ್ರದಲ್ಲಿ ‘ಸೆಟ್ಟಿಂಗ್ಸ್’ ತೆರೆದು, ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ಒಳಗಿನ ‘ಪ್ರಾಕ್ಸಿ’ ಎಂಬಲ್ಲಿಗೆ ಹೋಗಿ, ಕೈಯಾರೆ ತುಂಬಿದ ಪ್ರಾಕ್ಸಿಯನ್ನು ಆಫ್ ಮಾಡಿದರೆ ಸಾಕು. ವಿಳಾಸವನ್ನೂ ಅದರ ಪಕ್ಕದ ಪೋರ್ಟ್ ಸಂಖ್ಯೆಯನ್ನೂ (ಸಾಮಾನ್ಯವಾಗಿ 8080 ಅಥವಾ 3128) ಒಂದು ಚೀಟಿಯಲ್ಲಿ ಬರೆದಿಡಿ. ರಜೆ ಮುಗಿದ ಮೇಲೆ ಮತ್ತೆ ಬೇಕಾಗುತ್ತದೆ. ಕ್ರೋಮ್ ಈ ವ್ಯವಸ್ಥೆಯನ್ನೇ ಅನುಸರಿಸುತ್ತದೆ. ಫೈರ್‌ಫಾಕ್ಸ್‌ಗೆ ತನ್ನದೇ ಆದ ಪ್ರತ್ಯೇಕ ಆಯ್ಕೆಗಳಿವೆ, ಅಲ್ಲಿಯೂ ಒಮ್ಮೆ ನೋಡಬೇಕು.

ಅದೇ ಪುಟದಲ್ಲಿ ‘ತಾನಾಗಿ ಪತ್ತೆಹಚ್ಚು’ ಎಂಬ ಅರ್ಥದ ಇನ್ನೊಂದು ಗುಂಡಿಯಿದೆ. ಇದು ಆನ್ ಆಗಿದ್ದರೆ ಯಂತ್ರವು ‘ಇಲ್ಲಿ ಪ್ರಾಕ್ಸಿ ಯಾರು?’ ಎಂದು ಜಾಲದಲ್ಲಿ ವಿಚಾರಿಸುತ್ತದೆ. ಮನೆಯಲ್ಲಿ ಸಾಮಾನ್ಯವಾಗಿ ಯಾರೂ ಓಗೊಡುವುದಿಲ್ಲ, ಯಂತ್ರ ನೇರವಾಗಿ ಹೋಗುತ್ತದೆ. ಆದರೆ ಓಗೊಡಬಾರದವರು ಓಗೊಟ್ಟರೆ? ಕಚೇರಿಯ ಲ್ಯಾಪ್‌ಟಾಪುಗಳನ್ನು ಮನೆಯಲ್ಲಿ ಬಳಸಿದಾಗ ಈ ಕರೆ ಹೊರಜಾಲದವರೆಗೂ ಸೋರಬಹುದೆಂದು ಅಮೆರಿಕದ ಯುಎಸ್-ಸರ್ಟ್ 2016ರಲ್ಲಿ ಎಚ್ಚರಿಸಿತ್ತು. ಸ್ವಂತ ಯಂತ್ರದಲ್ಲಿ ಇದನ್ನು ಆಫ್ ಮಾಡಿಟ್ಟರೆ ನಷ್ಟವಿಲ್ಲ. ಕಚೇರಿಯ ಯಂತ್ರವಾದರೆ ಅಲ್ಲಿಯವರನ್ನು ಕೇಳದೆ ಕೈಹಾಕಬೇಡಿ.

ಇನ್ನು ಹೆಚ್ಚು ಗಮನ ಬೇಡುವ ಸಂಗತಿ. ನೀವು ಏನನ್ನೂ ತುಂಬಿಲ್ಲ, ಆದರೂ ವಿಳಾಸದ ಜಾಗದಲ್ಲಿ 127.0.0.1 ಎಂದಿದೆ. ಈ ಸಂಖ್ಯೆಯ ಅರ್ಥ ‘ಈ ಯಂತ್ರವೇ’ ಎಂದು. ಯಂತ್ರದೊಳಗಿನ ಯಾವುದೋ ತಂತ್ರಾಂಶ ನಡುವೆ ಕುಳಿತಿದೆ ಅಥವಾ ಹಿಂದೆ ಕುಳಿತಿತ್ತು. ಅದು ನೀವೇ ಹಾಕಿದ, ಮಕ್ಕಳ ಮೇಲೆ ನಿಗಾ ಇಡುವ ತಂತ್ರಾಂಶವಿರಬಹುದು. ದುಷ್ಟ ತಂತ್ರಾಂಶವೂ ಇರಬಹುದು. ಆಫ್ ಮಾಡಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ ನೋಡಿ. ಅದು ತಾನಾಗಿಯೇ ಮರಳಿ ಬಂದರೆ ಒಳಗೆ ಏನೋ ಇನ್ನೂ ಜೀವಂತವಾಗಿದೆ ಎಂದು ತಿಳಿದು ವೈರಸ್ ತಪಾಸಣೆ ಮಾಡಿಸಬೇಕು. ಅಲ್ಲಿಯವರೆಗೆ ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

‘ಉಚಿತ ಪ್ರಾಕ್ಸಿ’ ಎಂದು ಹಂಚಲಾಗುವ ವಿಳಾಸಗಳ ಬಗೆಗೂ ಇದೇ ಮಾತು. ‘ಎಚ್‌ಟಿಟಿಪಿಎಸ್’ ಇರುವ ತಾಣಕ್ಕೆ ಹೋದಾಗ ಪ್ರಾಕ್ಸಿಗೆ ಸಾಮಾನ್ಯವಾಗಿ ತಾಣದ ಹೆಸರಷ್ಟೇ ಕಾಣುತ್ತದೆ. ನಿಮ್ಮ ಗುಪ್ತಪದ ಕಾಣದು. ‘ಎಸ್’ ಇಲ್ಲದ ತಾಣವಾದರೆ ಎಲ್ಲವೂ ಕಾಣುತ್ತದೆ, ತಿದ್ದಲೂ ಬಹುದು. ಪ್ರಾಕ್ಸಿ ಹಾಕಿದ ಮೇಲೆ ‘ಈ ಪ್ರಮಾಣಪತ್ರವನ್ನು ಸ್ಥಾಪಿಸಿ’ ಎಂಬ ಕೋರಿಕೆ ಬಂದರೆ ಒಪ್ಪಕೂಡದು. ಒಪ್ಪಿದಿರೋ, ಮುಚ್ಚಿದ ಲಕೋಟೆಯನ್ನು ಒಡೆದು ಓದಿ ಮತ್ತೆ ಅಂಟಿಸಿ ಕಳಿಸುವ ಅಧಿಕಾರವನ್ನೇ ಅಪರಿಚಿತರಿಗೆ ಕೊಟ್ಟಂತಾಯಿತು. ಬ್ಯಾಂಕಿನ ಪುಟ ತೆರೆದಾಗ ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಕಂಡರೆ, ಅವಸರದಲ್ಲಿ ‘ಮುಂದುವರಿ’ ಒತ್ತದೆ, ಪುಟ ಮುಚ್ಚಿ, ಮೊದಲು ಪ್ರಾಕ್ಸಿಯ ಜಾಗವನ್ನು ನೋಡಿ.