ನಿಮಗಿದು ಗೊತ್ತೆ? ಚಕ್ರವರ್ತಿಯ ಪಾಳೆಯಕ್ಕೇ ನುಗ್ಗಿದ ಹೊಯ್ಸಳರು!

ಹನ್ನೆರಡು ಸಾಮಂತರೊಡನೆ ದಂಡೆತ್ತಿ ಬಂದಿದ್ದ ಕಲ್ಯಾಣ ಚಾಲುಕ್ಯರ ಸೈನ್ಯವನ್ನು ಹೊಯ್ಸಳರು ಒಂದೇ ರಾತ್ರಿಯಲ್ಲಿ ಚದುರಿಸಿದ್ದರು! ಆಗ ಹೊಯ್ಸಳರದು ಬೇಲೂರು, ಹಳೇಬೀಡುಗಳಿಂದ ಆಳುತ್ತಿದ್ದ ಪುಟ್ಟ ರಾಜ್ಯ. ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನೇ ಅವರ ಒಡೆಯ.

ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹಗಲಿನ ಕಾಳಗಕ್ಕೆ ಕಾಯಲಿಲ್ಲ. ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಶತ್ರುಗಳ ಮೇಲೆ ಇರುಳಲ್ಲೇ ಎರಗಿದ. ಅವರ ಉಗ್ರಾಣ, ವಾಹನಗಳನ್ನೆಲ್ಲ ವಶಪಡಿಸಿಕೊಂಡು ದೊರೆಗೆ ಒಪ್ಪಿಸಿದ. ಮೆಚ್ಚಿದ ದೊರೆ ಬೇಕಾದ ವರ ಕೇಳೆಂದಾಗ ಊರೊಂದನ್ನು ಪಡೆದು, ಅದನ್ನೂ ಬಸದಿಗಳಿಗೆ ದತ್ತಿ ಬಿಟ್ಟ! ಶ್ರವಣಬೆಳಗೊಳದ 1118ರ ಶಾಸನದಲ್ಲಿ ಈ ಸಾಹಸ ದಾಖಲಾಗಿದೆ.

ಅದಕ್ಕೂ ಮುನ್ನ, 1116ರ ಸುಮಾರಿಗೆ, ಇದೇ ಗಂಗರಾಜನ ನೇತೃತ್ವದಲ್ಲಿ ಹೊಯ್ಸಳರು ಬಲಾಢ್ಯ ಚೋಳರಿಂದ ತಲಕಾಡನ್ನು ಕಸಿದುಕೊಂಡಿದ್ದರು. ಶತಮಾನದ ಚೋಳ ಆಳ್ವಿಕೆ ಅಲ್ಲಿಗೆ ಮುಗಿಯಿತು. ವಿಷ್ಣುವರ್ಧನ ‘ತಲಕಾಡುಗೊಂಡ’ನಾದ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಅವನೇ ಇಂದಿನ ಚೆನ್ನಕೇಶವ.

ಮುಂದೆ ಚಾಲುಕ್ಯ ಚಕ್ರವರ್ತಿ ಹೊಯ್ಸಳರ ಮೇಲೆ ಮತ್ತೆ ಹಿಡಿತ ಸಾಧಿಸಿದ್ದು ನಿಜ. ಆದರೆ ಹೊಯ್ಸಳರ ಛಲ ಕುಗ್ಗಲಿಲ್ಲ. ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲಕ್ಕೆ ಅವರು ಸಂಪೂರ್ಣ ಸ್ವತಂತ್ರರಾದರು.