ಯುರೋಪಿನ ಏಕೀಕರಣ: ಓದುವವರಿಗೊಂದು ಹೊಸ ದಾರಿ

ಮಕ್ಕಳ ಪದವಿ ಪರೀಕ್ಷೆ ಮುಗಿದೊಡನೆ ನಮ್ಮವರ ಮನೆಗಳಲ್ಲಿ ಮುಂದೇನೆಂಬ ಚಿಂತೆ ಮೊದಲಾಗುತ್ತದೆ. ಬ್ಯಾಂಕು, ಸರಕಾರಿ ಕಚೇರಿ, ಕಂಪ್ಯೂಟರ್ ಕಂಪೆನಿ, ಇಲ್ಲವೆ ಹೋಟೆಲಿನ ಗಲ್ಲಾ. ಇವಿಷ್ಟರ ಸುತ್ತಲೇ ನಮ್ಮ ಯೋಚನೆ ಸುಳಿದಾಡುವುದು. ಇವುಗಳಾಚೆಗಿರುವ ಒಂದು ವಿದ್ಯೆಯನ್ನು ವಾಚಕ ಬಂಧುಗಳ ಗಮನಕ್ಕೆ ತರಬಯಸುತ್ತೇವೆ. ಯುರೋಪಿನ ಏಕೀಕರಣವನ್ನು ಕುರಿತ ಸ್ನಾತಕೋತ್ತರ ಅಧ್ಯಯನವೇ ಅದು.

ಏಕೀಕರಣವೆಂಬ ಮಾತು ಕನ್ನಡಿಗರಿಗೆ ಹೊಸದಲ್ಲ. 1956ರಲ್ಲಿ ನಾವು ಒಂದೇ ನುಡಿಯ, ಹಂಚಿಹೋಗಿದ್ದ ಸೀಮೆಗಳನ್ನು ಕೂಡಿಸಿಕೊಂಡೆವು. ಯುರೋಪಿನವರಾದರೋ ಬೇರೆ ಬೇರೆ ನುಡಿಯ, ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕಾದಾಡಿದ ರಾಷ್ಟ್ರಗಳನ್ನು ಕೂಡಿಸಹೊರಟರು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರೋಬೇರ್ ಶೂಮನ್ ಅವರು, ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಒಂದೇ ಅಧಿಕಾರದ ಕೆಳಗಿಡಬೇಕೆಂದು ಸೂಚಿಸಿದರು. ಉಗ್ರಾಣದ ಬೀಗದ ಕೈ ಇಬ್ಬರ ಬಳಿಯೂ ಇದ್ದರೆ ಒಬ್ಬನು ಗುಟ್ಟಾಗಿ ಫಿರಂಗಿ ಎರಕಹೊಯ್ಯಲಾರನೆಂಬುದು ಇದರ ಮರ್ಮ. ಪಾಲುದಾರಿಕೆಯಲ್ಲಿ ಹೋಟೆಲು ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1951ರಲ್ಲಿ ಆರು ರಾಷ್ಟ್ರಗಳು ಈ ಬಗೆಗೆ ಒಪ್ಪಂದ ಮಾಡಿಕೊಂಡವು. 1957ರ ರೋಮ್ ಒಪ್ಪಂದವು ಸಾಮಾನ್ಯ ಮಾರುಕಟ್ಟೆಗೆ ತಳಹದಿ ಹಾಕಿತು. 2020ರಲ್ಲಿ ಬ್ರಿಟನ್ ಹೊರನಡೆದ ಮೇಲೆ ಐರೋಪ್ಯ ಒಕ್ಕೂಟದಲ್ಲಿ ಉಳಿದಿರುವ ರಾಷ್ಟ್ರಗಳು 27; ಅಧಿಕೃತ ಭಾಷೆಗಳು 24.

ಈ ವಿಷಯವನ್ನು ಕಲಿಸಲೆಂದೇ 1949ರಲ್ಲಿ ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ ಕಾಲೇಜ್ ಆಫ್ ಯುರೋಪ್ ಎಂಬ ಸಂಸ್ಥೆ ಹುಟ್ಟಿತು. ಪೋಲೆಂಡಿನ ವಾರ್ಸಾದಲ್ಲಿಯೂ ಅದರ ಶಾಖೆಯಿದೆ. ಕಾಯಿದೆ, ಅರ್ಥಶಾಸ್ತ್ರ, ಆಡಳಿತ, ರಾಜತಂತ್ರಗಳನ್ನು ಅಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಬೋಧಿಸುವರು. 2011ರಲ್ಲಿ ಡೆನ್ಮಾರ್ಕಿನ ಪ್ರಧಾನಿಯಾದ ಹೆಲೆ ಥೋರ್ನಿಂಗ್ ಸ್ಮಿತ್, 2024ರಲ್ಲಿ ಫಿನ್ಲೆಂಡಿನ ಅಧ್ಯಕ್ಷರಾದ ಅಲೆಕ್ಸಾಂಡರ್ ಸ್ಟುಬ್ ಇಬ್ಬರೂ ಅಲ್ಲಿ ಕಲಿತವರೇ. ನಮ್ಮ ದೇಶದಲ್ಲಿ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು ಯುರೋಪ್ ಅಧ್ಯಯನ ಕೇಂದ್ರವನ್ನು ಹೊಂದಿದೆ.

ಇದನ್ನು ಓದಿ ಅನ್ನ ಹುಟ್ಟುವುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಮೊದಲು ಒಂದು ಕಹಿ ಮಾತು. ಐರೋಪ್ಯ ಆಯೋಗದ ಖಾಯಂ ಅಧಿಕಾರಿಯಾಗಲು ಸಾಮಾನ್ಯವಾಗಿ ಸದಸ್ಯರಾಷ್ಟ್ರದ ಪೌರತ್ವ ಬೇಕು. ಐದು ತಿಂಗಳ ವೇತನಸಹಿತ ತರಬೇತಿಗೆ ಮಾತ್ರ ಹೊರದೇಶದವರನ್ನು ಅಲ್ಪಸಂಖ್ಯೆಯಲ್ಲಿ ತೆಗೆದುಕೊಳ್ಳುವರು. ಆದುದರಿಂದ ಖಾಯಂ ಹುದ್ದೆ ಕೊಡಿಸುವೆವೆಂದು ಹಣ ಕೇಳುವ ದಲ್ಲಾಳಿಗಳ ಮಾತಿಗೆ ಮರುಳಾಗಬಾರದು.

ಆದರೆ ಬೇರೆ ಬಾಗಿಲುಗಳು ತೆರೆದಿವೆ. ಯುರೋಪಿಗೆ ಹೋಗುವ ಸಿಗಡಿ, ಮೆಣಸು, ಔಷಧ, ಉಡುಪುಗಳೆಲ್ಲ ಒಕ್ಕೂಟದ ನಿಯಮಗಳನ್ನು ಪಾಲಿಸಲೇಬೇಕು. 2018ರಲ್ಲಿ ಜಾರಿಗೆ ಬಂದ ಅಲ್ಲಿಯ ಖಾಸಗಿ ಮಾಹಿತಿ ರಕ್ಷಣೆಯ ಕಾಯಿದೆಯು, ಯುರೋಪಿನ ಗಿರಾಕಿಗಳಿಗೆ ಕೆಲಸ ಮಾಡುವ ಬೆಂಗಳೂರಿನ ಕಂಪೆನಿಗಳನ್ನೂ ಮುಟ್ಟಿದೆ. ಈ ನಿಯಮಗಳನ್ನು ಓದಿ ಅರ್ಥ ಹೇಳಬಲ್ಲವರು ರಫ್ತು ಸಂಸ್ಥೆಗಳಿಗೂ ವಕೀಲರ ಕಚೇರಿಗಳಿಗೂ ಬೇಕು. ಪತ್ರಿಕೋದ್ಯಮ, ಅಧ್ಯಾಪನ, ರಾಯಭಾರ ಕಚೇರಿಗಳ ಕೆಲಸಗಳೂ ಇವೆ. ಭಾರತೀಯ ವಿದೇಶಾಂಗ ಸೇವೆಯ ಪರೀಕ್ಷೆಗೆ ಕೂರುವವರಿಗೂ ಈ ಓದು ನೆರವಾಗುವುದು.

ಖರ್ಚಿನ ಮಾತು ಉಳಿಯಿತು. ಬ್ರೂಜಿನ ಶುಲ್ಕ ಗುಮಾಸ್ತರ ಸಂಬಳಕ್ಕೆ ನಿಲುಕುವಂಥದಲ್ಲ. ಅಂಥವರಿಗೆ ಎರಾಸ್ಮಸ್ ಮುಂಡುಸ್ ಎಂಬ ವಿದ್ಯಾರ್ಥಿವೇತನವಿದೆ. ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ. ಪ್ರವಾಸ ಮತ್ತು ವಾಸದ ವೆಚ್ಚಕ್ಕೆ ತಿಂಗಳಿಗೆ 1,400 ಯುರೋ ಕೊಡುವರು. ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು. ವಯಸ್ಸಿನ ಮಿತಿಯಿಲ್ಲ. ಪದವಿಯ ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಹೆಚ್ಚಿನ ಅರ್ಜಿಗಳನ್ನು ಅಕ್ಟೋಬರಿನಿಂದ ಜನವರಿಯವರೆಗೆ ಸ್ವೀಕರಿಸುವರು. ಅರ್ಜಿಯನ್ನು ವಿದ್ಯಾರ್ಥಿಯೇ ನೇರವಾಗಿ ಕಳುಹಿಸಬೇಕು. ಸ್ಪರ್ಧೆ ಕಠಿಣವೆಂಬುದನ್ನು ಮರೆಯಲಾಗದು.

ಹಗಲು ತಟ್ಟೆ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಮುಂಬಯಿಯ ಕನ್ನಡಿಗರಲ್ಲಿ ಅನೇಕರಿದ್ದಾರೆ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ಕಚೇರಿಯಲ್ಲಿ ಮತ್ತೊಂದು ಆಡಿ ಬೆಳೆದ ಅವರ ಮಕ್ಕಳಿಗೆ ಫ್ರೆಂಚ್ ಕಲಿಯುವುದು ಅಸಾಧ್ಯವೇನಲ್ಲ. ಪದವಿಯ ಮೊದಲ ವರ್ಷದಲ್ಲಿಯೇ ಅದನ್ನು ಕಲಿಯತೊಡಗಲಿ, ದಿನವೂ ಪತ್ರಿಕೆಯ ವಿದೇಶ ವಾರ್ತೆಗಳನ್ನು ಓದಲಿ ಎಂದು ನಾವು ಸೂಚಿಸುತ್ತೇವೆ.