ಕೊಲ್ಲಿಯೂ ನಾಯಿಯೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಪ್ರಾಂತಗಳಲ್ಲಿ ವಿನೋದವಾದೊಂದು ಪದ್ಧತಿಯುಂಟು. ಪ್ರತಿಯೊಂದು ಪ್ರಾಂತವೂ ತನ್ನ ಗುರುತಾಗಿ ಒಂದು ಹೂವನ್ನೂ ಒಂದು ಹಕ್ಕಿಯನ್ನೂ ಗೊತ್ತುಮಾಡಿಕೊಂಡಿದೆ. ಕೆಲವು ಪ್ರಾಂತಗಳು ನಾಯಿಯನ್ನೂ ಆರಿಸಿಕೊಂಡಿವೆ. ಇದನ್ನು ಕೇಳಿ ನಗುವವರುಂಟು. ಆದರೆ ಮೇರಿಲೆಂಡ್ ಪ್ರಾಂತವು 1964ರಲ್ಲಿ ಕಾನೂನಿನ ಮೂಲಕ ಅಂಗೀಕರಿಸಿದ ‘ಚೆಸಪೀಕ್ ಕೊಲ್ಲಿಯ ರಿಟ್ರೀವರ್’ ನಾಯಿಯನ್ನು ಬಲ್ಲವರು ಆ ನಾಡಿನ ಭೂಗೋಳವನ್ನೂ ಅರ್ಧದಷ್ಟು ಬಲ್ಲರೆಂದೇ ನಾವು ಎಣಿಸುತ್ತೇವೆ.

ಭೂಪಟದಲ್ಲಿ ಮೇರಿಲೆಂಡಿನ ಆಕಾರವು ವಿಚಿತ್ರವಾದುದು. ಪಶ್ಚಿಮದಲ್ಲಿ ಅಪಲೇಚಿಯನ್ ಬೆಟ್ಟಗಳು; ಹ್ಯಾನ್‌ಕಾಕ್ ಎಂಬ ಊರಿನ ಬಳಿ ಪ್ರಾಂತದ ಅಗಲವು 2 ಮೈಲಿಯೂ ಇಲ್ಲ. ಪೂರ್ವಕ್ಕೆ ಬಂದಂತೆ ನೆಲವು ತಗ್ಗಿ ಬಯಲಾಗುತ್ತದೆ. ಆ ಬಯಲನ್ನು ಚೆಸಪೀಕ್ ಕೊಲ್ಲಿಯು ಎರಡು ದಡಗಳಾಗಿ ಸೀಳಿದೆ. ಹಿಮಯುಗವು ಮುಗಿದು ಸಮುದ್ರವು ಏರಿದಾಗ ಸಸ್ಕ್ವಹಾನಾ ನದಿಯ ಕಣಿವೆಯು ಮುಳುಗಿ ಈ ಕೊಲ್ಲಿಯಾಯಿತು. ಸುಮಾರು 200 ಮೈಲಿ ಉದ್ದವಿದ್ದರೂ ಇದರ ಸರಾಸರಿ ಆಳವು 21 ಅಡಿ ಮಾತ್ರ. ಆಳವಿಲ್ಲದ ನೀರಿಗೆ ಬಿಸಿಲು ತಳಮುಟ್ಟುವುದರಿಂದ ನೀರೊಳಗೆ ಹುಲ್ಲು ಹುಲುಸಾಗಿ ಬೆಳೆಯುತ್ತಿತ್ತು. ಹುಲ್ಲಿಗಾಗಿ ಚಳಿಗಾಲದಲ್ಲಿ ಉತ್ತರದಿಂದ ಬಾತುಗಳು ಲಕ್ಷಗಟ್ಟಲೆ ಇಳಿಯುತ್ತಿದ್ದವು. ಅವುಗಳಲ್ಲಿ ಹೆಸರಾದದ್ದು ‘ಕ್ಯಾನ್‌ವಾಸ್‌ಬ್ಯಾಕ್’. ಅದು ಮೆಚ್ಚಿ ತಿನ್ನುವ ಹುಲ್ಲಿನ ಹೆಸರನ್ನೇ ಶಾಸ್ತ್ರಜ್ಞರು ಆ ಹಕ್ಕಿಯ ಹೆಸರಿನಲ್ಲಿಯೂ ಸೇರಿಸಿದ್ದಾರೆ.

ಬಾತು ಇದ್ದಲ್ಲಿ ಬೇಟೆಗಾರ. ಹೊಡೆದ ಹಕ್ಕಿ ಬೀಳುವುದು ಮಂಜುಗಡ್ಡೆ ತೇಲುವ ನೀರಿನಲ್ಲಿ. ಅದನ್ನು ತರುವವರು ಯಾರು? 1807ರಲ್ಲಿ ಮುಳುಗುತ್ತಿದ್ದ ಇಂಗ್ಲಿಷ್ ಹಡಗೊಂದರಿಂದ ‘ಕ್ಯಾಂಟನ್’ ಎಂಬ ಹಡಗಿನವರು ಜನರೊಂದಿಗೆ ಎರಡು ನ್ಯೂಫೌಂಡ್‌ಲೆಂಡ್ ಮರಿಗಳನ್ನೂ ಕಾಪಾಡಿದರು. ಗಂಡಿಗೆ ‘ಸೇಲರ್’ ಎಂದೂ ಹೆಣ್ಣಿಗೆ ಹಡಗಿನ ಹೆಸರನ್ನೂ ಇಟ್ಟರು. ಒಂದು ಕೊಲ್ಲಿಯ ಪೂರ್ವದಡಕ್ಕೂ ಇನ್ನೊಂದು ಪಶ್ಚಿಮದಡಕ್ಕೂ ಹೋಯಿತು. ಅವು ತಮ್ಮಲ್ಲೇ ಕೂಡಿ ಮರಿಹಾಕಿದ ದಾಖಲೆಯಿಲ್ಲ. ಸ್ಥಳೀಯ ನಾಯಿಗಳೊಡನೆ ಬೆರೆತು ಎರಡು ಕಡೆಯೂ ಸಂತತಿ ಬೆಳೆಯಿತು. 1877ರಲ್ಲಿ ಬಾಲ್ಟಿಮೋರಿನ ಪ್ರದರ್ಶನವೊಂದರಲ್ಲಿ ಎರಡು ದಡಗಳ ನಾಯಿಗಳನ್ನು ಒಟ್ಟಿಗೆ ನೋಡಿದವರು ಅವೆಲ್ಲ ಒಂದೇ ಜಾತಿಯೆಂದರು. ದಡಗಳು ಬೇರೆಯಾದರೂ ನೀರೂ ಕೆಲಸವೂ ಒಂದೇ ಆಗಿತ್ತಲ್ಲವೆ! ಈ ನಾಯಿಗೆ ಎರಡು ಪದರದ, ಎಣ್ಣೆಜಿಡ್ಡಿನ ಕೂದಲು. ಮೈಕೊಡವಿದರೆ ನೀರು ನಿಲ್ಲದು. ಬೆರಳುಗಳ ನಡುವೆ ಪೊರೆ. ಬಣ್ಣವು ಕಂದು, ಇಲ್ಲವೆ ದಡದ ಒಣಹುಲ್ಲಿನದು. ಆದುದರಿಂದ ಬಾತಿನ ಕಣ್ಣಿಗೆ ಬೀಳದು.

ಪೇಟೆಗೆ ಮಾರುವುದಕ್ಕಾಗಿ ಬೇಟೆಗಾರರು ಹಕ್ಕಿಗಳನ್ನು ರಾಶಿರಾಶಿಯಾಗಿ ಕೊಂದರು. 1918ರ ಕಾನೂನು ಈ ವ್ಯಾಪಾರವನ್ನು ತಡೆಯಿತು. ಆದರೆ ಹುಲ್ಲನ್ನು ಕಾಯುವ ಬಂದೋಬಸ್ತು ಅಷ್ಟು ಸುಲಭವಲ್ಲ. ಹೊಲಗಳ ಗೊಬ್ಬರವೂ ಪಟ್ಟಣಗಳ ಕೊಳೆಯೂ ಸೇರಿ ನೀರು ಕದಡಿತು. ನಾಯಿಗೆ ರಾಜಮರ್ಯಾದೆ ದೊರೆತ ಎಂಟೇ ವರ್ಷಕ್ಕೆ, 1972ರ ಜೂನ್ ತಿಂಗಳಿನಲ್ಲಿ, ‘ಆಗ್ನೆಸ್’ ಎಂಬ ಚಂಡಮಾರುತದ ಪ್ರವಾಹವು ಹೂಳನ್ನು ತಂದು ಸುರಿಯಿತು. ನದೀಮುಖದ ಹುಲ್ಲುಗಾವಲು ಬಹುಮಟ್ಟಿಗೆ ಸತ್ತಿತು. ಕ್ಯಾನ್‌ವಾಸ್‌ಬ್ಯಾಕ್ ಹುಲ್ಲನ್ನು ಬಿಟ್ಟು ಸಣ್ಣ ಚಿಪ್ಪುಜೀವಿಗಳನ್ನು ತಿನ್ನುವುದಕ್ಕೆ ಕಲಿತಿತು. ಈ ಶತಮಾನದ ಮೊದಲ ವರ್ಷಗಳಿಂದ ಸಸ್ಕ್ವಹಾನಾದ ಮುಖದಲ್ಲಿ ಹುಲ್ಲು ಮತ್ತೆ ಹಬ್ಬಿದೆ. ಬಾತುಗಳು ಹಿಂದಿನ ಸಂಖ್ಯೆಯಲ್ಲಿ ಇನ್ನೂ ಮರಳಿಲ್ಲ. ನಾಯಿಯಾದರೋ ಇಂದಿಗೂ ಚಳಿಗಾಲದ ಆ ನೀರಿಗೆ ಹಿಂದೆಗೆಯದೆ ಹಾರುತ್ತದೆ.